ಮೊಳಕಾಲ್ಮೂರು ಯಾಕೆ ಬೆಳೆಯಲಿಲ್ಲ?

ಪ್ರಶ್ನೆ: ಮೊಳಕಾಲ್ಮೂರು ತಾಲೂಕು ಕೇಂದ್ರ. ಆದರೂ ಚಳ್ಳಕೆರೆ, ಹಿರಿಯೂರಿನಷ್ಟು ಜನ ಇಲ್ಲಿ ಯಾಕಿಲ್ಲ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮೊದಲು ಊರು ಎಲ್ಲಿದೆ ನೋಡಿ. ಜಿಲ್ಲೆಯ ಈಶಾನ್ಯ ಮೂಲೆ, ಸುತ್ತ ಬಂಡೆಗುಡ್ಡ, ಸ್ವಲ್ಪ ದೂರ ಹೋದರೆ ಆಂಧ್ರದ ರಾಯದುರ್ಗ. ಮುಂಗಾರಿನ ಮೋಡ ಘಟ್ಟದಲ್ಲೇ ಸುರಿದು ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ, ಹಾಗಾಗಿ ಮಳೆ ನಂಬಿ ಶೇಂಗಾ ಬಿತ್ತಿದವರು ಮುಗಿಲು ನೋಡುತ್ತಾ ಕೂರಬೇಕು, ಬೆಳೆ ಕೈಕೊಟ್ಟ ವರ್ಷ ಕೂಲಿಗೆ ಬೆಂಗಳೂರು ಬಸ್ ಹತ್ತಬೇಕು. ಬಳ್ಳಾರಿ ಹೆದ್ದಾರಿಯೂ ಊರೊಳಗೆ ಬರುವುದಿಲ್ಲ, ಪಕ್ಕದ ಹಾನಗಲ್ ಹಳ್ಳಿಯ ಕಡೆಯಿಂದಲೇ ಹೋಗುತ್ತದೆ. ಹೆದ್ದಾರಿ ಇದ್ದಲ್ಲಿ ಅಂಗಡಿ, ಅಂಗಡಿ ಇದ್ದಲ್ಲಿ ಜನ, ಅಲ್ವಾ?

2011ರ ಜನಗಣತಿಯಲ್ಲಿ ಇಡೀ ಚಿತ್ರದುರ್ಗ ಜಿಲ್ಲೆಯಲ್ಲೇ ಚದರ ಕಿಲೋಮೀಟರಿಗೆ 197 ಜನ. ರಾಜ್ಯದ ಸರಾಸರಿ 319. ಮೊಳಕಾಲ್ಮೂರಿನಲ್ಲಿ ಇರುವುದು ಪಟ್ಟಣ ಪಂಚಾಯಿತಿ. ಸಾಮಾನ್ಯವಾಗಿ 10,000ದಿಂದ 20,000 ಜನ ಇರುವ ಊರಿಗೆ ಇದು ಸಿಗುತ್ತದೆ.

ಆದರೆ ಚಿಕ್ಕ ಊರು ಅಂತ ಸುಮ್ನೆ ತಳ್ಳಿಹಾಕಬೇಡಿ. ಇಲ್ಲಿನ ಕೈಮಗ್ಗದ ರೇಷ್ಮೆ ಸೀರೆಗೆ ಜಿಐ (ಈ ಊರಿನದ್ದೇ ಎಂಬ ಭೌಗೋಳಿಕ ಗುರುತು) ಮಾನ್ಯತೆ ಇದೆ. ಇದೇ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಆ ಶಾಸನದಲ್ಲಿ ‘ಇಸಿಲ’ ಅನ್ನುವ ಊರಿನ ಅಧಿಕಾರಿಗಳ ಉಲ್ಲೇಖವಿದೆ. ಅಂದರೆ ಸುಮಾರು 2,200 ವರ್ಷಗಳ ಹಿಂದೆ ಈ ಬಂಡೆಗಳ ನಡುವೆ ಅಧಿಕಾರಿಗಳು ಕೂತು ಆಡಳಿತ ನಡೆಸುತ್ತಿದ್ದರು. ಒಮ್ಮೆ ಹೋಗಿ ನೋಡಿ.