ಕೆಲಸಕ್ಕೂ ಹೋಗುತ್ತೇನೆ, ನಗುತ್ತೇನೆ, ಆದರೂ ಇದು ಡಿಪ್ರೆಶನ್ನಾ?

ಪ್ರಶ್ನೆ: ನನಗೆ 34 ವರ್ಷ. ಕೆಲಸಕ್ಕೆ ಹೋಗುತ್ತೇನೆ, ಯಾರಾದರೂ ಜೋಕ್ ಹೇಳಿದರೆ ನಗುತ್ತೇನೆ. ಆದರೆ ಮೂರು ವರ್ಷದಿಂದ ಯಾವುದರಲ್ಲೂ ರುಚಿ ಇಲ್ಲ, ಸದಾ ಸುಸ್ತು. ಅಕ್ಕನಿಗೆ ಡಿಪ್ರೆಶನ್ ಆದಾಗ ಅವಳು ಹಾಸಿಗೆಯಿಂದಲೇ ಏಳುತ್ತಿರಲಿಲ್ಲ. ನನಗೆ ಹಾಗೇನೂ ಇಲ್ಲ. ಇದು ಕಾಯಿಲೆಯಾ, ನನ್ನ ಸ್ವಭಾವವಾ?

ಉತ್ತರ: ಅಕ್ಕನನ್ನೇ ಅಳತೆಗೋಲು ಮಾಡಿಕೊಂಡಿದ್ದೀರಿ, ಎಡವಟ್ಟಾಗಿರುವುದು ಅಲ್ಲೇ. ಅವರಿಗೆ ಬಂದದ್ದು ಜೋರಾಗಿ ಬಂದು ಕೆಡವುವ ಬಗೆ. ಕನಿಷ್ಠ 2 ವಾರ, ದಿನದ ಬಹುಪಾಲು ಬೇಸರವೋ ನಿರಾಸಕ್ತಿಯೋ ಇದ್ದು, ಜೊತೆಗೆ ನಿದ್ದೆ, ಹಸಿವು, ಗಮನ ಎಲ್ಲ ಏರುಪೇರಾಗುತ್ತದೆ. ಇನ್ನೊಂದು ಬಗೆ ಜಡಿಮಳೆಯ ಥರ. ಜೋರಿಲ್ಲ, ಬಿಡುವುದೂ ಇಲ್ಲ. 2 ವರ್ಷ ದಾಟಿದರೆ ಡಿಸ್ತೈಮಿಯಾ ಅನ್ನುತ್ತಾರೆ. ಇದು ಇರುವವರು ಕೆಲಸ, ಮನೆ ಎಲ್ಲ ಹೇಗೋ ತೂಗಿಸಿಕೊಂಡು ಹೋಗುತ್ತಾರೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ, ಕೊನೆಗೆ ಅವರೇ 'ನಾನಿರೋದೇ ಹೀಗೆ' ಅಂದುಕೊಂಡುಬಿಡುತ್ತಾರೆ. ಆದರೆ ಸ್ವಭಾವ ಇಂಥ ವರ್ಷ ಶುರುವಾಯಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ನೀವು 'ಮೂರು ವರ್ಷದಿಂದ' ಎಂದು ಬರೆದಿದ್ದೀರಿ.

ನಗು ಬರುತ್ತದೆ ಅನ್ನುವುದೂ ಲೆಕ್ಕಕ್ಕಿಲ್ಲ. ಒಳ್ಳೆಯ ಸುದ್ದಿ ಬಂದರೆ ಸ್ವಲ್ಪ ಹೊತ್ತು ಗೆಲುವಾಗಿ ಮತ್ತೆ ಕುಸಿಯುವ ಡಿಪ್ರೆಶನ್ನೂ ಇದೆ. ಅದರಲ್ಲಿ ಎಷ್ಟೋ ಜನರಿಗೆ ನಿದ್ದೆ, ಹಸಿವು ಕಡಿಮೆ ಆಗುವ ಬದಲು ಜಾಸ್ತಿಯಾಗುತ್ತದೆ. ಹೆರಿಗೆ ಆದಮೇಲೆ ಬರುವುದು, ಬಿಸಿಲು ಕಮ್ಮಿ ಇರುವ ತಿಂಗಳುಗಳಲ್ಲಿ ಮಾತ್ರ ಬರುವುದು, ಇವೂ ಇವೆ.

ಯಾವುದು ನಿಮ್ಮದು ಅಂತ ನಾನು ಪತ್ರ ಓದಿ ಹೇಳಲಾರೆ. ಮನೋವೈದ್ಯರನ್ನು ನೋಡಿ. ಥೈರಾಯ್ಡ್, ಬಿ12 ಪರೀಕ್ಷೆಗೆ ಬರೆದರೆ ಬೇಡ ಅನ್ನಬೇಡಿ, ಅವು ಕಮ್ಮಿಯಾದರೂ ಇದೇ ಸುಸ್ತು. ಇನ್ನೊಂದು, ಅವರು ಕೇಳದಿದ್ದರೂ ನೀವೇ ಹೇಳಿ: ಹಿಂದೆ ಯಾವಾಗಲಾದರೂ ಮೂರು ಗಂಟೆ ಮಲಗಿದರೂ ಸುಸ್ತಾಗದೆ, ಮಾತು ನಿಲ್ಲದೆ, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು ಮಾಡಿದ ದಿನಗಳು ಇದ್ದವಾ? ಅದು ಚೆನ್ನಾಗಿದ್ದ ಕಾಲ ಅಂದುಕೊಂಡು ಜನ ಅದನ್ನು ಡಾಕ್ಟರಿಗೆ ಹೇಳುವುದೇ ಇಲ್ಲ. ಅದು ಬೈಪೋಲಾರ್, ಅಂದರೆ ಕುಸಿತವೂ ಅತಿ ಹುರುಪೂ ಬೇರೆ ಬೇರೆ ಕಾಲದಲ್ಲಿ ಬರುವ ಕಾಯಿಲೆ, ಆಗಿದ್ದರೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟಾಗ ಆ ಹುಚ್ಚು ಹುರುಪು ಮತ್ತೆ ಕೆರಳಬಹುದು. ಅದಕ್ಕೆ ಔಷಧಿಯೇ ಬೇರೆ.

ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಇವತ್ತೇ ಹತ್ತಿರದವರಿಗೆ ಹೇಳಿ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಡಿಪ್ರೆಶನ್‌ಗೆ ಮಾತ್ರೆ ಶುರುಮಾಡಿ 10 ದಿನ ಆಯಿತು. ಹೊಟ್ಟೆ ತೊಳಸುವುದು ಬಿಟ್ಟರೆ ಏನೂ ಆಗಿಲ್ಲ. ಬಿಟ್ಟುಬಿಡಲಾ?

ಉತ್ತರ: ಬೇಡ. ಈ ಮಾತ್ರೆಗಳ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಗುಣ ಕಾಣಲು 2ರಿಂದ 6 ವಾರ ಬೇಕಾಗಬಹುದು. ತೊಳಸುವುದು ಸಾಮಾನ್ಯವಾಗಿ ಅಷ್ಟರೊಳಗೆ ಇಳಿಯುತ್ತದೆ, ತಡೆಯಲಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮುಂದೆ ಹುಷಾರಾದಾಗಲೂ ನೀವಾಗಿಯೇ ನಿಲ್ಲಿಸಬೇಡಿ, ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ಅವರು ಮೆಲ್ಲಗೆ ಇಳಿಸುತ್ತಾರೆ.