ಆಂಕಲ್ (ಪಾದದ ಕೀಲು) ಕೀಹೋಲ್ ಆಪರೇಶನ್ ಆದ್ಮೇಲೆ ಬಂದ ಗಂಟು ಬಡ್ಕೊಳ್ತಾ ಇದೆ, ಕಾದು ನೋಡ್ಬಹುದಾ?

ನಿಮ್ಮ ತಮ್ಮಂಗೆ ಆರ್ತ್ರೋಸ್ಕೋಪಿ, ಅಂದ್ರೆ ಕೀಲಿನ ಕೀಹೋಲ್ ಆಪರೇಶನ್, ಆಗಿ ಎರಡು ವಾರ, ಆಂಕಲ್ ಮುಂದೆ ಗಂಟು ಎದ್ದು ಬಡ್ಕೊಳ್ತಾ ಇದೆ, ರಕ್ತ ಕಟ್ಟಿರಬೇಕು ನಾಡಿದ್ದು ಬನ್ನಿ ಸೂಜಿ ಹಾಕಿ ತೆಗೀತೀವಿ ಅಂದಿದಾರೆ ಅಂತ ಬರ್ದಿದೀರಲ್ಲ, ಓದಿ ನಂಗೆ ಎದೆ ಧಸಕ್ ಅಂತು. ದಯವಿಟ್ಟು ನಾಡಿದ್ದಿನ ತನಕ ಕಾಯ್ಬೇಡಿ. ರಕ್ತ ಹರಿಯೋದನ್ನ ತೋರಿಸೋ ಡಾಪ್ಲರ್ ಸ್ಕ್ಯಾನ್ ಆಗೋವರೆಗೂ ಆ ಗಂಟಿಗೆ ಯಾರೂ ಸೂಜಿ ಚುಚ್ಚೋಕೆ ಬಿಡ್ಬೇಡಿ.

ನಂಗೂ ಇದೇ ಆಗಿತ್ತು. ಆಂಕಲ್ ಮುಂದ್ಗಡೆ ಮೂಳೆ ಬೆಳ್ದಿದೆ ಅಂತ ಎರಡು ತೂತು ಮಾಡಿ ಕೆರೆದು ತೆಗೆದ್ರು, ಹೊಲಿಗೆ ಬಿಚ್ಚಿ ಎರಡು ದಿನಕ್ಕೆ ನೆಲ್ಲಿಕಾಯಿ ಗಾತ್ರದ ಗಂಟು. ಆಪರೇಶನ್ ಆದ್ಮೇಲೆ ಊತ ಇದ್ದಿದ್ದೇ ಅಂದ್ರು, ನಾನೂ ಐಸ್ ಇಟ್ಕೊಂಡು ಸುಮ್ನಿದ್ದೆ. ರಾತ್ರಿ ಅಮ್ಮ ಕಾಲು ನೀವ್ತಾ ಇದ್ದೋರು ಗಂಟಿನ ಮೇಲೆ ಬೆರಳಿಟ್ಟು, ಇದು ನಾಡಿ ಥರ ಹೊಡ್ಕೊಳ್ತಿದೆ ಕಣೋ ಅಂದ್ರು. ಬೆಳಿಗ್ಗೆನೇ ಡಾಪ್ಲರ್ ಮಾಡಿಸಿದ್ವಿ, ಸ್ಕ್ರೀನ್ ಮೇಲೆ ಗಂಟಿನೊಳಗೆ ಕೆಂಪು ನೀಲಿ ಎರಡೂ ಸುತ್ತುತ್ತಾ ಇತ್ತು, ಅಂದ್ರೆ ಅದು ಕಟ್ಟಿದ ರಕ್ತ ಅಲ್ಲ, ಹರೀತಿರೋ ರಕ್ತ.

ಇದಕ್ಕೆ ಸೂಡೋಅನ್ಯೂರಿಸಂ ಅಂತಾರೆ. ಕಾಲಿನ ಮುಂಭಾಗದಲ್ಲಿ ಇಳಿಯೋ ಆಂಟೀರಿಯರ್ ಟಿಬಿಯಲ್ ಆರ್ಟರಿ ಅನ್ನೋ ರಕ್ತನಾಳ ಆಂಕಲ್‌ನ ಹೆಚ್ಚುಕಡಿಮೆ ನಡುಮಧ್ಯದಲ್ಲೇ ಹಾದು ಪಾದಕ್ಕೆ ಹೋಗುತ್ತೆ, ಅದಕ್ಕೇ ಡಾಕ್ಟರ್‌ಗಳು ತೂತನ್ನ ನಡುವೆ ಮಾಡದೆ ಆ ಕಡೆ ಈ ಕಡೆ ಮಾಡ್ತಾರೆ, ಆದ್ರೆ ಕೆಲವರಲ್ಲಿ ಆ ನಾಳಾನೋ ಅದರ ಕವಲೋ ಪಕ್ಕಕ್ಕೆ ಸರಿದಿರುತ್ತೆ, ಜೊತೆಗೆ ಒಳಗೆ ಕೆರೆಯೋ ಉಪಕರಣಕ್ಕೂ ನಾಳಕ್ಕೂ ಮಧ್ಯೆ ಇರೋದು ಕೀಲಿನ ತೆಳು ಪೊರೆ ಅಷ್ಟೇ. ನಾಳದ ಗೋಡೆಗೆ ಸಣ್ಣ ತೂತಾದ್ರೂ ರಕ್ತ ಸೋರುತ್ತೆ, ಸುತ್ತಲಿನ ಮಾಂಸ ಅದನ್ನ ಚೀಲದ ಥರ ಹಿಡ್ಕೊಳ್ಳುತ್ತೆ. ಇಂಥಾದ್ದಕ್ಕೆ ರಕ್ತ ಕಟ್ಟಿದೆ ಅಂತ ಸೂಜಿ ಹಾಕಿದ್ರೆ ಏನಾಗಬಹುದು ನೋಡಿ. ಅಪರೂಪದ ತೊಂದರೆ, ಅದಕ್ಕೇ ಮೊದಲಿಗೆ ಯಾರಿಗೂ ಹೊಳೆಯಲ್ಲ, ನಂಗೆ ಆಪರೇಶನ್ ಮಾಡ್ದೋರ ಮೇಲೂ ಸಿಟ್ಟಿಲ್ಲ.

ಪಾದ ಬೆಚ್ಚಗಿದೆ, ಬೆರಳು ಆಡ್ತಿದೆ ಅಂತ ಸಮಾಧಾನ ಮಾಡ್ಕೋಬೇಡಿ, ಒಳಗಿನ ಗಿಣ್ಣಿನ ಹಿಂದೆ ಇನ್ನೊಂದು ನಾಳ ಪಾದಕ್ಕೆ ರಕ್ತ ಕೊಡ್ತಾನೇ ಇರುತ್ತೆ.

ಚಿಕ್ಕದಿದ್ರೆ ಸ್ಕ್ಯಾನ್ ನೋಡ್ತಾ ಒತ್ತಿ ಹಿಡಿದು ಮುಚ್ಚಿಸ್ತಾರೆ, ಇಲ್ಲಾ ರಕ್ತ ಹೆಪ್ಪುಗಟ್ಟಿಸೋ ಥ್ರಾಂಬಿನ್ ಇಂಜೆಕ್ಷನ್, ನಾಳದೊಳಗೆ ಕಾಯಿಲ್ (ಸಣ್ಣ ಲೋಹದ ಸುರುಳಿ) ಹಾಕೋದೂ ಇದೆ. ನಂದು ಓಪನ್ ಮಾಡಿ ಹೊಲಿದ್ರು, ಈಗ ಆರಾಮಾಗಿ ನಡೀತೀನಿ.

ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳದ ಆಪರೇಶನ್ ಮಾಡೋ ಡಾಕ್ಟರ್) ಇರೋ ಆಸ್ಪತ್ರೆಗೆ ಇವತ್ತೇ ಹೋಗಿ. ಆಪರೇಶನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ ಎರಡೂ ತಗೊಂಡು ಹೋಗಿ, ರಕ್ತ ತೆಳುವಾಗೋ ಮಾತ್ರೆ ಇಂಜೆಕ್ಷನ್ ಏನಾದ್ರೂ ನಡೀತಿದ್ರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸ್ಬೇಡಿ. ಗಂಟಿನ ಮೇಲೆ ತಿಕ್ಕೋದು, ಬಿಸಿ ಶಾಖ ಕೊಡೋದು ಬೇಡ. ದಾರೀಲಿ ರಕ್ತ ಚಿಮ್ಮಿದ್ರೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಸ್ಕ್ಯಾನಲ್ಲಿ ಏನ್ ಬಂತು ಅಂತ ಬರೀರಿ, ಕಾಯ್ತಿರ್ತೀನಿ.