ಕಾದಂಬರಿಯ ಫೈಲನ್ನ ಪ್ರಕಾಶಕರಿಗೆ ಹೇಗೆ ರೆಡಿ ಮಾಡಿ ಕಳಿಸ್ಬೇಕು?

ಪ್ರಶ್ನೆ: ನನ್ನ ಮೊದಲ ಕಾದಂಬರಿ ಬರೆದು ಮುಗಿಸಿದೀನಿ, ವರ್ಡ್‌ನಲ್ಲಿ ಸುಮಾರು 300 ಪೇಜ್ ಆಗಿದೆ. ಪ್ರಿಂಟ್ ಆದ ಪುಸ್ತಕದ ಥರಾನೇ ಕಾಣ್ಲಿ ಅಂತ ಪೇಜ್ ಸೈಜ್ ಚಿಕ್ಕದು ಮಾಡಿ, ಅಧ್ಯಾಯಗಳ ಹೆಸರಿಗೆ ಡಿಸೈನ್ ಫಾಂಟ್ ಹಾಕಿ, ಮುಖಪುಟನೂ ಸೇರಿಸಿದೀನಿ. ಇದನ್ನೇ ಪಿಡಿಎಫ್ ಮಾಡಿ ಕಳಿಸಿದ್ರೆ ಆಗತ್ತಾ ಸರ್?

ಉತ್ತರ: ಕಾದಂಬರಿ ಮುಗಿಸಿದ್ದಕ್ಕೆ ಮೊದಲು ಅಭಿನಂದನೆ, ಆದ್ರೆ ದಯವಿಟ್ಟು ಹೀಗೇ ಕಳಿಸ್ಬೇಡಿ. ಪುಸ್ತಕದ ಸೈಜು, ಅಕ್ಷರ, ಮುಖಪುಟ ಎಲ್ಲಾ ಪ್ರಕಾಶಕರು ಕಾದಂಬರಿನ ಒಪ್ಪಿಕೊಂಡ ಮೇಲೆ ಅವ್ರೇ ಮಾಡಿಸ್ಕೊಳ್ಳೋ ಕೆಲಸ. ಈಗ ಎಡಿಟರ್‌ಗೆ ಬೇಕಿರೋದು ಕಣ್ಣಿಗೆ ಆಯಾಸ ಆಗದೆ ಓದೋಕಾಗೋ, ಗುರುತು ಹಾಕೋಕೆ ಜಾಗ ಇರೋ, ತಿದ್ದೋಕೆ ಬರೋ ಸಾದಾ ಪ್ರತಿ ಅಷ್ಟೇ. ಇನ್ನೊಂದು, ಆ ಪ್ರಕಾಶಕರು ತಮ್ಮದೇ ಸೂಚನೆ ಕೊಟ್ಟಿದ್ರೆ ಅದೇ ಕೊನೇ ಮಾತು. ಕೆಲವ್ರು ಮೊದಲ ಮೂರು ಅಧ್ಯಾಯ, ಕಥಾಸಾರಾಂಶ ಸಾಕು ಅಂತಾರೆ, ಕೆಲವ್ರು ಪೂರ್ತಿ ಕೇಳ್ತಾರೆ, ಅದನ್ನ ಓದಿ ಆಮೇಲೆ ನಾನು ಹೇಳೋದನ್ನ ನೋಡಿ.

ಎ4 ಪೇಜ್, ನಾಲ್ಕೂ ಕಡೆ ಒಂದಿಂಚು ಮಾರ್ಜಿನ್, 12 ಪಾಯಿಂಟ್, ಕಪ್ಪು ಬಣ್ಣ, ಇಡೀ ಕಾದಂಬರಿಗೆ ಒಂದೇ ಫಾಂಟು, ಸಾಲುಗಳ ಮಧ್ಯೆ ಡಬಲ್ ಸ್ಪೇಸಿಂಗ್. ಟೈಪ್‌ರೈಟರ್ ಕಾಲದಲ್ಲಿ ಎಡಿಟರ್ ಸಾಲುಗಳ ಮಧ್ಯೆ ಪೆನ್ನಲ್ಲಿ ತಿದ್ದೋಕೆ ಅಂತ ಬಿಡ್ತಿದ್ದ ಜಾಗ ಅದು, ಸ್ಕ್ರೀನ್ ಮೇಲೆ ದಿನವಿಡೀ ಓದೋರಿಗೂ ಅದರಿಂದ ಕಣ್ಣಿಗೆ ಆರಾಮ. ಕನ್ನಡಕ್ಕಂತೂ ಒತ್ತಕ್ಷರ ಸಾಲಿನ ಕೆಳಗೆ ಇಳಿಯೋದ್ರಿಂದ ಜಾಗ ಬೇಕೇ ಬೇಕು, ಲೈನ್ ಸ್ಪೇಸಿಂಗ್‌ನಲ್ಲಿ ‘ಎಕ್ಸಾಕ್ಟ್ಲಿ’ ಅನ್ನೋದನ್ನ ಆರಿಸಿ ಚಿಕ್ಕ ಅಳತೆ ಕೊಟ್ರೆ ಒತ್ತುಗಳು ಅರ್ಧಕ್ಕೆ ಕತ್ತರಿಸಿ ಹೋಗ್ತವೆ. ಸಾಲುಗಳ ಎರಡೂ ತುದಿ ಸಮ ಮಾಡೋ ಜಸ್ಟಿಫೈ ಕೂಡ ಬೇಡ, ನಮ್ಮ ಪದಗಳು ಉದ್ದ, ಸಾಲು ಎಳೆದಾಗ ಪದಗಳ ಮಧ್ಯೆ ದೊಡ್ಡ ದೊಡ್ಡ ಕಿಂಡಿ ಬೀಳತ್ತೆ, ಎಡಕ್ಕೆ ಅಲೈನ್ ಮಾಡಿ ಬಿಟ್ಬಿಡಿ.

ಯೂನಿಕೋಡ್‌ನಲ್ಲೇ (ಯಾವ ಕಂಪ್ಯೂಟರ್‌ನಲ್ಲಾದ್ರೂ ಕನ್ನಡವಾಗೇ ಕಾಣೋ ಅಕ್ಷರ ವ್ಯವಸ್ಥೆ) ಟೈಪ್ ಮಾಡಿದೀರಾ ಅಂತ ಒಮ್ಮೆ ನೋಡ್ಕೊಳ್ಳಿ. ಹಳೇ ನುಡಿ, ಬರಹ ಫಾಂಟುಗಳ ಆಸ್ಕಿ ಫೈಲ್ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೊಟ್ಟಿರೋದು) ಆದ್ರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಾಗ ಅರ್ಥ ಇಲ್ಲದ ಚಿಹ್ನೆಗಳು ಕಾಣ್ತವೆ. ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಬಹುದು, ಆದ್ರೆ ಮಧ್ಯೆ ಇರೋ ಇಂಗ್ಲಿಷ್ ಪದಗಳು ಕೆಡೋ ಸಾಧ್ಯತೆ ಜಾಸ್ತಿ, ಅರ್ಕಾವತ್ತುಗಳನ್ನೂ ಕಣ್ಣಾರೆ ನೋಡ್ಬೇಕು, ಹಾಗಾಗಿ ಆಮೇಲೆ ಪೂರ್ತಿ ಒಂದ್ಸಲ ಓದಲೇಬೇಕು.

ಈಗ ಮುಖ್ಯ ವಿಷಯ, ಮೇಲಿಂದ ನೋಡಿದ್ರೆ ಗೊತ್ತಾಗದೆ ಫೈಲ್ ಒಳಗೆ ಇರೋ ತೊಂದರೆಗಳು. ಹೊಸ ಅಧ್ಯಾಯ ಹೊಸ ಪೇಜಲ್ಲಿ ಬರ್ಲಿ ಅಂತ ಎಂಟರ್ ಒತ್ತುತ್ತಾ ಹೋಗಿರ್ತೀವಿ, ಪ್ಯಾರಾ ಒಳಗೆ ಸರೀಲಿ ಅಂತ ಸ್ಪೇಸ್ ಬಾರ್ ಒತ್ತಿರ್ತೀವಿ, ನಮ್ಮ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಕಾಣತ್ತೆ, ಅಲ್ಲಿ ಯಾರೋ ಫಾಂಟ್ ಬದಲಾಯಿಸಿದ ತಕ್ಷಣ ಅಧ್ಯಾಯ ಪೇಜಿನ ನಡುವಿಗೆ ಬಂದು ಕೂರತ್ತೆ. ಅದರ ಬದಲು ಅಧ್ಯಾಯ ಮುಗಿದ ಕಡೆ ಕಂಟ್ರೋಲ್ ಒತ್ತಿ ಹಿಡಿದು ಎಂಟರ್ ಒತ್ತಿ, ಪೇಜ್ ಬ್ರೇಕ್ ಬೀಳತ್ತೆ, ಮುಂದಿನದು ಹೊಸ ಪೇಜಿಂದಲೇ ಶುರುವಾಗತ್ತೆ. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಮೊದಲ ಸಾಲಿಗೆ ಅರ್ಧ ಇಂಚು ಇಂಡೆಂಟ್ ಕೊಡಿ. ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’ ಸ್ಟೈಲ್ ಕೊಟ್ರೆ ಎಡಿಟರ್‌ಗೆ ಪಕ್ಕದ ಪಟ್ಟಿಯಿಂದ ಬೇಕಾದ ಅಧ್ಯಾಯಕ್ಕೆ ನೇರ ಹೋಗೋಕಾಗತ್ತೆ. ದೃಶ್ಯ ಬದಲಾಗೋ ಕಡೆ ಬರೀ ಖಾಲಿ ಸಾಲು ಬಿಡ್ಬೇಡಿ, ಅದು ಪೇಜಿನ ತುದಿಗೆ ಬಿದ್ರೆ ಓದೋರಿಗೆ ಗೊತ್ತೇ ಆಗಲ್ಲ, ನಡುವಲ್ಲಿ ಮೂರು ನಕ್ಷತ್ರ ಹಾಕಿ.

ಮೊದಲ ಪೇಜಲ್ಲಿ ಕಾದಂಬರಿ ಹೆಸರು, ನಿಮ್ಮ ಹೆಸರು, ಫೋನ್, ಇಮೇಲ್, ಒಟ್ಟು ಪದಗಳ ಸಂಖ್ಯೆ ಇರ್ಲಿ. ಪೇಜ್ ಲೆಕ್ಕ ಫಾಂಟ್ ಬದಲಾದ್ರೆ ಬದಲಾಗತ್ತೆ, ನಿಮ್ಮ 300 ಪೇಜಿಂದ ಪುಸ್ತಕ ಎಷ್ಟು ದಪ್ಪ ಆಗತ್ತೆ ಅಂತ ಯಾರಿಗೂ ಗೊತ್ತಾಗಲ್ಲ, ಪದಗಳ ಸಂಖ್ಯೆಯಿಂದ ಅಂದಾಜು ಸಿಗತ್ತೆ. ಪ್ರತಿ ಪೇಜಿನ ಮೇಲೆ ಹೆಸರು, ಪೇಜ್ ನಂಬರ್ ಹೆಡರ್‌ನಲ್ಲಿ ಹಾಕಿ, ಪ್ರಿಂಟ್ ತೆಗೆದ ಹಾಳೆಗಳು ಕಲೆತು ಹೋದ್ರೆ ಅದೇ ಗತಿ. (ಸ್ಪರ್ಧೆಗೆ ಕಳಿಸೋದಾದ್ರೆ ಹೆಸರು ಹಾಕ್ಬಾರ್ದು ಅಂತ ನಿಯಮ ಇರ್ಬಹುದು, ಆಗ ಹೆಡರ್‌ನಿಂದಲೂ ತೆಗೀಬೇಕು, ಇದನ್ನ ತುಂಬಾ ಜನ ಮರೀತಾರೆ.)

ಸ್ನೇಹಿತರು ಓದಿ ಬರೆದ ಕಾಮೆಂಟ್, ಟ್ರ್ಯಾಕ್ ಚೇಂಜಸ್ (ವರ್ಡ್ ಗುರುತು ಹಾಕಿ ಇಟ್ಟಿರೋ ತಿದ್ದುಪಡಿಗಳು) ಇದ್ರೆ ಮರೆಮಾಡಿದ್ರೆ ಸಾಲದು, ಒಪ್ಪಿರೋದನ್ನ ಆಕ್ಸೆಪ್ಟ್ ಮಾಡಿ, ಬೇಡದ್ದನ್ನ ರಿಜೆಕ್ಟ್ ಮಾಡಿ, ಕಾಮೆಂಟ್ ಪೂರ್ತಿ ಡಿಲೀಟ್ ಮಾಡಿ. ಪಿಡಿಎಫ್ ಅವ್ರಾಗೇ ಕೇಳಿದ್ರೆ ಮಾತ್ರ, ಇಲ್ಲದಿದ್ರೆ ವರ್ಡ್ ಫೈಲೇ ಕಳಿಸಿ. ಮೇಲ್ ಮಾಡೋ ಮುಂಚೆ ಆ ಫೈಲನ್ನ ಬೇರೆಯವ್ರ ಕಂಪ್ಯೂಟರ್‌ನಲ್ಲಿ ತೆರೆದು ಮೊದಲ ಪೇಜಿಂದ ಕೊನೇವರೆಗೂ ಒಮ್ಮೆ ನೋಡಿ, ಸರಿ ಇದ್ರೆ ಕಳಿಸಿ.